ನೋಡುವವನೂ ಪಾಲುದಾರ

ಅಶ್ಲೀಲ ವಿಡಿಯೊ ನೋಡುವುದು ಒಬ್ಬರೇ ಕೂತು ನೋಡಿ ಮರೆತುಬಿಡುವ ಗುಟ್ಟು, ಅದರಿಂದ ಯಾರಿಗೂ ನಷ್ಟವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಎರಡು ಸಾವಿರ ವರ್ಷಗಳ ಕ್ರೈಸ್ತ ಚಿಂತನೆ ಇದನ್ನು ಒಪ್ಪುವುದಿಲ್ಲ. ನೋಟವೂ ಒಂದು ಕೃತ್ಯ, ಅದರ ಇನ್ನೊಂದು ತುದಿಯಲ್ಲಿ ಒಂದು ಜೀವವಿದೆ ಎನ್ನುತ್ತದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಮತ್ತೆ ಕೇಳಿಸಿಕೊಳ್ಳಬೇಕಾದ ಮಾತು ಇದು.

ರೋಮ್ ನಗರ, ನಾಲ್ಕನೇ ಶತಮಾನದ ಕೊನೆಯ ದಶಕಗಳು. ಕಾನೂನು ಓದಲು ಉತ್ತರ ಆಫ್ರಿಕಾದಿಂದ ಬಂದ ಅಲಿಪಿಯಸ್ ಎಂಬ ಯುವಕನಿಗೆ ದಾರಿಯಲ್ಲಿ ಗೆಳೆಯರು ಎದುರಾಗುತ್ತಾರೆ. ಊಟ ಮುಗಿಸಿ ಹುಮ್ಮಸ್ಸಿನಲ್ಲಿದ್ದಾರೆ. ಅವತ್ತು ಅಖಾಡದಲ್ಲಿ ಗ್ಲಾಡಿಯೇಟರ್‌ಗಳ ಕಾಳಗ. ಮನುಷ್ಯರು ಮನುಷ್ಯರನ್ನು ಕಡಿದು ಕೆಡವುವುದನ್ನು ಸಾವಿರಾರು ಜನ ಕೂತು ಸವಿಯುವ ಮನರಂಜನೆ ಅದು. ಅಲಿಪಿಯಸ್‌ಗೆ ಅದನ್ನು ಕಂಡರಾಗದು. ಗೆಳೆಯರು ಬಿಡಲಿಲ್ಲ, ರಟ್ಟೆ ಹಿಡಿದು ಎಳೆದೊಯ್ದರು.

ಮೈ ಅಲ್ಲಿದ್ದರೂ ಮನಸ್ಸು ಅಲ್ಲಿರದು ಎಂದು ಅವರಿಗೆ ಸವಾಲು ಹಾಕಿದ. ಗದ್ದಲದ ನಡುವೆ ಕಣ್ಣು ಬಿಗಿಯಾಗಿ ಮುಚ್ಚಿ ಕೂತ. ಕಿವಿ ಮಾತ್ರ ತೆರೆದಿತ್ತು.

ಅಖಾಡದಲ್ಲಿ ಒಬ್ಬ ಬಿದ್ದ. ಜನಸ್ತೋಮ ಒಮ್ಮೆಲೇ ಅಬ್ಬರಿಸಿತು. ಏನಾಯಿತೋ ನೋಡಿಬಿಡೋಣ, ನೋಡಿ ಛೀ ಎಂದರಾಯಿತು ಎಂದುಕೊಂಡು ಅಲಿಪಿಯಸ್ ಕಣ್ಣು ತೆರೆದ. ತೆರೆದ ಕಣ್ಣನ್ನು ಮತ್ತೆ ಮುಚ್ಚಲಾಗಲಿಲ್ಲ. ರಕ್ತ ನೋಡಿದ, ನೋಡುತ್ತಲೇ ಉಳಿದ, ಎಲ್ಲರೊಂದಿಗೆ ಕೂಗಿದ. ಆಮೇಲೆ ತಾನಾಗಿಯೇ ಅಲ್ಲಿಗೆ ಹೋಗತೊಡಗಿದ, ಹೋಗುವಾಗ ಬೇರೆಯವರನ್ನೂ ಎಳೆದುಕೊಂಡು ಹೋದ.

ಇದನ್ನು ಬರೆದಿಟ್ಟವರು ಅವನ ಆಪ್ತ ಗೆಳೆಯ ಸಂತ ಅಗಸ್ಟೀನ್. 400ರ ಆಸುಪಾಸಿನಲ್ಲಿ ಬರೆದ ‘ಕನ್ಫೆಷನ್ಸ್’ ಕೃತಿಯ ಆರನೇ ಭಾಗದಲ್ಲಿ ಈ ಪ್ರಸಂಗವಿದೆ. ಕತ್ತಿಯ ಏಟು ತಿಂದವನ ಮೈಗೆ ಆದದ್ದಕ್ಕಿಂತ ಆಳವಾದ ಗಾಯ ನೋಡಿದವನ ಆತ್ಮಕ್ಕಾಯಿತು ಎಂಬುದು ಅವರ ತೀರ್ಮಾನ. ಅಲಿಪಿಯಸ್ ಯಾರನ್ನೂ ಕೊಂದಿರಲಿಲ್ಲ, ಬರೀ ನೋಡಿದ್ದ. ಆ ನೋಟದಲ್ಲೇ ಅವನು ಆ ಗುಂಪಿಗೆ ಸೇರಿಹೋಗಿದ್ದ.

ಅಂಗೈಗೆ ಬಂದ ಅಖಾಡ

ಈಗ ಎಳೆದೊಯ್ಯಲು ಗೆಳೆಯರೂ ಬೇಕಿಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬಿದ್ದ ಒಂದು ಲಿಂಕ್, ನಿದ್ದೆ ಬಾರದ ಒಂದು ರಾತ್ರಿ, ಒಮ್ಮೆ ನೋಡಿ ಡಿಲೀಟ್ ಮಾಡಿದರಾಯಿತು ಎಂಬ ಸಮಾಧಾನ. ಇಷ್ಟಿದ್ದರೆ ಸಾಕು.

ಮಕ್ಕಳೂ ಇದರಿಂದ ಹೊರತಲ್ಲ. ಅಮೆರಿಕದ ‘ಕಾಮನ್ ಸೆನ್ಸ್ ಮೀಡಿಯಾ’ ಸಂಸ್ಥೆ 2023ರ ಜನವರಿಯಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನವರ ಪೈಕಿ ಶೇ 73ರಷ್ಟು ಮಂದಿ ಅಶ್ಲೀಲ ದೃಶ್ಯ ನೋಡಿದ್ದಾಗಿ ಹೇಳಿದರು. ಮೊದಲ ಬಾರಿ ನೋಡಿದಾಗ ಅವರ ಸರಾಸರಿ ವಯಸ್ಸು 12. ಅದು ಅಮೆರಿಕದ ಲೆಕ್ಕ. ಆದರೆ ಮಕ್ಕಳ ಕೈಗೆ ಫೋನು, ಫೋನಿಗೆ ಅಗ್ಗದ ಡೇಟಾ ಸಿಕ್ಕ ಯಾವ ಊರೂ ಅದನ್ನು ಓದಿ ನಿರಾಳವಾಗಿ ಇರುವಂತಿಲ್ಲ.

ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡು ಕ್ರೈಸ್ತರು ಆರಂಭಿಸುವ ತಪಸ್ಸುಕಾಲ ಈಸ್ಟರ್‌ವರೆಗೆ ನಲವತ್ತು ದಿನ ನಡೆಯುತ್ತದೆ. ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಕುಡಿತ, ಸಿಗರೇಟು ಬಿಡುತ್ತಾರೆ. ಶುಕ್ರವಾರ ಸಂಜೆ ಶಿಲುಬೆ ಹಾದಿಯ ಪ್ರಾರ್ಥನೆಗೆ ಚರ್ಚ್ ತುಂಬುತ್ತದೆ. ಬಾಯಿಗೆ ಹಾಕುವ ಕಟ್ಟುಪಾಡನ್ನು ಕಣ್ಣಿಗೂ ಹಾಕಿಕೊಳ್ಳಬೇಕು ಎಂಬ ಮಾತು ಮಾತ್ರ ಅಪರೂಪ. ಪಾಪನಿವೇದನೆಯಲ್ಲಿ ಪಿಸುಗುಟ್ಟುವ ಈ ಸಂಕಟ ಭಾನುವಾರದ ಪ್ರಬೋಧನೆಯಲ್ಲಿ ಬಾಯಿ ಬಿಡುವುದಿಲ್ಲ.

ಬಾಯಿ ಬಿಟ್ಟಾಗಲೂ ಅರ್ಧ ಮಾತೇ ಹೊರಬರುತ್ತದೆ. ‘ಪಾಪ, ಕೊಳಕು, ನೋಡಬೇಡಿ.’ ಏಕೆ ಪಾಪ, ಯಾರಿಗೆ ಎಸಗಿದ ಪಾಪ ಎಂಬ ಪ್ರಶ್ನೆಗೆ ಕ್ರೈಸ್ತ ಪರಂಪರೆಯಲ್ಲಿ ಗಟ್ಟಿ ಉತ್ತರವಿದೆ. ಅದನ್ನು ಹೇಳದೆ ಬರೀ ಬೆದರಿಸಿದರೆ ಹುಡುಗರು ಅಂಜುತ್ತಾರೆ, ಅಡಗಿಸುತ್ತಾರೆ, ಮತ್ತೆ ಅಲ್ಲಿಗೇ ಹೋಗುತ್ತಾರೆ.

ಹೊಣೆ ಹೊರಬೇಕಾದವರು

ಆ ಉತ್ತರ ಆರಂಭವಾಗುವುದು ಪರ್ವತ ಪ್ರಸಂಗದಲ್ಲಿ. ವ್ಯಭಿಚಾರ ಮಾಡಬಾರದು ಎಂಬ ಹಳೆಯ ಆಜ್ಞೆಯನ್ನು ನೆನಪಿಸಿ ಯೇಸು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಪರಸ್ತ್ರೀಯನ್ನು ಕಾಮದ ಕಣ್ಣಿನಿಂದ ನೋಡುವವನು ಮನಸ್ಸಿನಲ್ಲಿ ಆಗಲೇ ಆ ಪಾಪ ಮಾಡಿಯಾಯಿತು ಎನ್ನುತ್ತಾರೆ. ಬಲಗಣ್ಣು ನಿನ್ನನ್ನು ಪಾಪಕ್ಕೆ ಎಳೆದರೆ ಅದನ್ನು ಕಿತ್ತು ಬಿಸಾಡು ಎನ್ನುವಷ್ಟು ಕಟುವಾಗಿ ಮಾತು ಮುಂದುವರಿಯುತ್ತದೆ. ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಇದು ದಾಖಲಾಗಿದೆ.

ಅಂಗ ಕಡಿದುಕೊಳ್ಳಿ ಎಂದು ಇದರ ಅರ್ಥವಲ್ಲ, ಚರ್ಚ್ ಎಂದೂ ಹಾಗೆ ಬೋಧಿಸಿಲ್ಲ. ಆದರೆ ಆ ಕಟುತನ ಯಾರ ಕಡೆಗೆ ತಿರುಗಿದೆ ಎಂಬುದನ್ನು ಗಮನಿಸಬೇಕು. ಸೆರಗು ಸರಿಮಾಡಿಕೋ ಎಂದು ಯೇಸು ಹೆಣ್ಣಿಗೆ ಹೇಳಲಿಲ್ಲ. ಸಂಜೆ ಹೊರಗೆ ಬರಬೇಡ ಎನ್ನಲಿಲ್ಲ. ಕಣ್ಣಿನ ಹೊಣೆಯನ್ನು ಕಣ್ಣಿರುವವನಿಗೇ ಹೊರಿಸಿದರು. ಹೆಣ್ಣಿನ ಬಟ್ಟೆಯ ಮೇಲೆ ಎಲ್ಲ ತಪ್ಪನ್ನೂ ಹೇರುವ ಸಮಾಜದಲ್ಲಿ ಈ ಮಾತಿನ ಹರಿತ ಇಂದಿಗೂ ಕಡಿಮೆಯಾಗಿಲ್ಲ.

ನೋಟ ಎಲ್ಲಿಗೆ ಕೊಂಡೊಯ್ಯಬಲ್ಲದು ಎಂಬುದನ್ನು ಬೈಬಲ್ ಅದಕ್ಕೂ ಮೊದಲೇ ಒಬ್ಬ ರಾಜನ ಕಥೆಯಲ್ಲಿ ಹೇಳಿದೆ. ಸೇನೆ ಯುದ್ಧಕ್ಕೆ ಹೋದಾಗ ದಾವೀದ ಜೆರುಸಲೇಮಿನಲ್ಲೇ ಉಳಿದ. ಸಂಜೆ ಅರಮನೆಯ ಮಾಳಿಗೆಯ ಮೇಲೆ ಅಡ್ಡಾಡುವಾಗ ಸ್ನಾನ ಮಾಡುತ್ತಿದ್ದ ಹೆಣ್ಣೊಬ್ಬಳು ಕಂಡಳು. ಯಾರೆಂದು ವಿಚಾರಿಸಿದ. ಎಲೀಯಾಮನ ಮಗಳು ಬತ್ಷೆಬೆ, ಸೈನಿಕ ಊರೀಯನ ಹೆಂಡತಿ ಎಂದು ಉತ್ತರ ಬಂತು. ಅವಳಿಗೆ ಹೆಸರಿತ್ತು, ತಂದೆಯಿದ್ದ, ಗಂಡನಿದ್ದ. ಇಷ್ಟು ತಿಳಿದ ಮೇಲೂ ದಾವೀದ ಆಳುಗಳನ್ನು ಕಳಿಸಿ ಅವಳನ್ನು ಕರೆಸಿಕೊಂಡ.

ಅವಳು ಗರ್ಭಿಣಿಯಾದಳು. ವಿಷಯ ಮುಚ್ಚಿಡಲು ಊರೀಯನನ್ನು ಕಾಳಗದ ಮುಂಚೂಣಿಯಲ್ಲಿ ನಿಲ್ಲಿಸಿ ಸಾಯಲು ಬಿಡಿ ಎಂದು ಸೇನಾಪತಿ ಯೋವಾಬನಿಗೆ ಪತ್ರ ಹೋಯಿತು. ಆ ಪತ್ರವನ್ನು ಹೊತ್ತೊಯ್ದವನೂ ಊರೀಯನೇ. ಮಾಳಿಗೆಯ ಮೇಲಿನ ಒಂದು ನೋಟ ಕೊಲೆಯವರೆಗೆ ಹೋಗಿ ನಿಂತಿತು. ಬತ್ಷೆಬೆಯ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಕೇಳಲಿಲ್ಲ. ಮುಂದೆ ಪ್ರವಾದಿ ನಾತಾನ ರಾಜನೆದುರು ನಿಂತು ಬೆರಳು ತೋರಿಸಿದ್ದು ರಾಜನತ್ತ, ಅವಳತ್ತ ಅಲ್ಲ.

ಕಥೋಲಿಕರ ಬೈಬಲಿನ ದಾನಿಯೇಲನ ಗ್ರಂಥದಲ್ಲಿ ಸುಸನ್ನಳ ಕಥೆಯಿದೆ. ಊರಿನ ನ್ಯಾಯಾಧೀಶರಾಗಿದ್ದ ಇಬ್ಬರು ಹಿರಿಯರು ಅವಳ ಉದ್ಯಾನದಲ್ಲಿ ಅವಿತು ಕೂತು ಅವಳನ್ನು ದಿಟ್ಟಿಸುತ್ತಾರೆ. ತಮ್ಮ ಮಾತಿಗೆ ಒಪ್ಪದಿದ್ದರೆ ಪರಪುರುಷನ ಜೊತೆಗಿದ್ದೆ ಎಂದು ಸುಳ್ಳು ಸಾಕ್ಷಿ ಹೇಳುತ್ತೇವೆ ಎಂದು ಬೆದರಿಸುತ್ತಾರೆ. ಕದ್ದು ನೋಡುವುದು, ಆಮೇಲೆ ಮಾನ ತೆಗೆಯುವ ಬೆದರಿಕೆ. ಇಂದು ಸೈಬರ್ ಪೊಲೀಸ್ ಠಾಣೆಗೆ ಅಳುತ್ತಾ ಬರುವ ಹೆಣ್ಣುಮಕ್ಕಳಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ದೇಹ ಕೊಳಕಲ್ಲ

ಹಾಗಾದರೆ ಕ್ರೈಸ್ತ ಧರ್ಮಕ್ಕೆ ದೇಹವೆಂದರೆ ಅಸಹ್ಯವೇ? ಚರಿತ್ರೆಯಲ್ಲಿ ಹಾಗೆ ಕಂಡ ಕಾಲಗಳಿದ್ದವು. ವ್ಯಾಟಿಕನ್ನಿನ ಸಿಸ್ಟೀನ್ ದೇಗುಲದ ಗೋಡೆಯೇ ಅದಕ್ಕೆ ಸಾಕ್ಷಿ. ಮೈಕೆಲೆಂಜೆಲೊ 1541ರಲ್ಲಿ ‘ಅಂತಿಮ ತೀರ್ಪು’ ಚಿತ್ರವನ್ನು ಬರೆದು ಮುಗಿಸಿದಾಗ ಅದರಲ್ಲಿದ್ದ ಬೆತ್ತಲೆ ದೇಹಗಳನ್ನು ಕಂಡು ಹಲವರು ಸಿಟ್ಟಾದರು. ಅವನು ತೀರಿಕೊಂಡ ಮೇಲೆ ಡೇನಿಯೆಲೆ ಡ ವೊಲ್ಟೆರಾ ಎಂಬ ಚಿತ್ರಕಾರನನ್ನು ಕರೆಸಿ ಆ ದೇಹಗಳಿಗೆ ಬಟ್ಟೆ ಬಿಡಿಸಲಾಯಿತು. ಪಾಪ, ಆತನಿಗೆ ‘ಚಡ್ಡಿ ತೊಡಿಸುವವ’ ಎಂಬ ಅಡ್ಡಹೆಸರು ಅಂಟಿಕೊಂಡಿತು.

ನಾಲ್ಕು ಶತಮಾನಗಳ ಬಳಿಕ ಆ ಚಿತ್ರವನ್ನು ಶುಚಿಗೊಳಿಸುವಾಗ ಹೀಗೆ ಬಿಡಿಸಿದ ಬಟ್ಟೆಗಳಲ್ಲಿ ಕೆಲವನ್ನು ತೆಗೆದುಹಾಕಿದರು. 1994ರ ಏಪ್ರಿಲ್ 8ರಂದು ಅಲ್ಲಿ ಬಲಿಪೂಜೆ ಅರ್ಪಿಸಿದ ಪೋಪ್ ಎರಡನೇ ಜಾನ್ ಪಾಲ್, ಆ ದೇಗುಲವನ್ನು ಮಾನವ ದೇಹದ ದೈವಶಾಸ್ತ್ರದ ಮಂದಿರವೆಂದು ಕರೆದರು. ಬೆತ್ತಲೆ ದೇಹವನ್ನು ದೇವರ ಕೃತಿಯಾಗಿ ನೋಡುವುದು ಸಾಧ್ಯ, ಅದರ ಘನತೆ ಉಳಿಯಬಲ್ಲದು ಎಂದರು.

ಇದೇ ಕ್ರೈಸ್ತ ನಂಬಿಕೆಯ ಬುಡ. ಗಂಡು ಹೆಣ್ಣು ಇಬ್ಬರೂ ದೇವರ ಪ್ರತಿರೂಪ ಎನ್ನುತ್ತದೆ ಆದಿಕಾಂಡ. ದೇವರೇ ಮನುಷ್ಯದೇಹ ಧರಿಸಿ ಬಂದನೆಂಬುದು ಕ್ರಿಸ್‌ಮಸ್‌ನ ಸಾರ. ಗಂಡು ಹೆಣ್ಣಿನ ಕಾಮವನ್ನು ಹಾಡಿ ಹೊಗಳುವ ‘ಪರಮಗೀತೆ’ ಬೈಬಲಿನೊಳಗೇ ಇದೆ. ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಸಂತ ಪೌಲ ದೇಹವನ್ನು ಪವಿತ್ರಾತ್ಮರ ಆಲಯ ಎಂದು ಕರೆಯುತ್ತಾನೆ. ಗುಲಾಮರ ಮೈಯನ್ನು ಒಡೆಯರು ಮನಬಂದಂತೆ ಬಳಸುವುದೇ ರೂಢಿಯಾಗಿದ್ದ ಕಾಲವದು. ಆ ಸಭೆಯಲ್ಲಿ ಗುಲಾಮರೂ ಕೂತಿದ್ದರು. ನಿಮ್ಮ ಮೈಯೂ ದೇವಾಲಯ ಎಂದು ಅವರಿಗೆ ಹೇಳಿದ್ದು ಸಣ್ಣ ಮಾತಲ್ಲ.

ಪೋಪ್ ಆಗುವ ಮೊದಲು, ಕರೋಲ್ ವೊಯ್ತಿವಾ ಎಂಬ ಹೆಸರಿನಲ್ಲಿ ಪೋಲೆಂಡಿನಲ್ಲಿದ್ದಾಗ ಜಾನ್ ಪಾಲ್ 1960ರಲ್ಲಿ ಪ್ರೀತಿ ಮತ್ತು ಹೊಣೆಗಾರಿಕೆಯ ಬಗ್ಗೆ ಒಂದು ಪುಸ್ತಕ ಬರೆದರು. ಪ್ರೀತಿಗೆ ವಿರುದ್ಧವಾದದ್ದು ಇನ್ನೊಬ್ಬರನ್ನು ಬಳಸಿಕೊಳ್ಳುವುದು ಎಂಬುದು ಅದರ ತಿರುಳು. ಅಶ್ಲೀಲ ಚಿತ್ರದ ದೋಷ ಅದು ಮೈ ತೋರಿಸುವುದರಲ್ಲಿ ಮುಗಿಯುವುದಿಲ್ಲ. ಆ ಮೈಯಲ್ಲಿರುವ ಮನುಷ್ಯಳನ್ನು, ಅವಳ ಹೆಸರನ್ನು, ಅವಳ ನಾಳೆಯನ್ನು ಅಳಿಸಿ, ಬಳಸಿ ಬಿಸಾಡುವ ಸರಕನ್ನಷ್ಟೇ ಉಳಿಸುವುದರಲ್ಲಿ ಇದೆ.

▌ ಪೋಪರ ಬುಧವಾರಗಳು

• 1979ರ ಸೆಪ್ಟೆಂಬರ್‌ನಿಂದ 1984ರ ನವೆಂಬರ್‌ವರೆಗೆ ಎರಡನೇ ಜಾನ್ ಪಾಲ್ ತಮ್ಮ ಬುಧವಾರದ ಸಾರ್ವಜನಿಕ ಭೇಟಿಗಳಲ್ಲಿ ದೇಹ, ಕಾಮ, ವಿವಾಹದ ಬಗ್ಗೆ 129 ಉಪನ್ಯಾಸ ನೀಡಿದರು. ಅವೇ ‘ದೇಹದ ದೈವಶಾಸ್ತ್ರ’ ಎಂದು ಹೆಸರಾದವು.

• 1992ರ ‘ಕಥೋಲಿಕ ಧರ್ಮೋಪದೇಶ’ದ 2354ನೇ ಪರಿಚ್ಛೇದ ಅಶ್ಲೀಲ ಚಿತ್ರಗಳನ್ನು ಗಂಭೀರ ಅಪರಾಧವೆನ್ನುತ್ತದೆ. ನಟಿಸುವವರು, ಮಾರುವವರು, ನೋಡುವವರು ಎಲ್ಲರ ಘನತೆಗೂ ಅದು ಧಕ್ಕೆ ಎನ್ನುತ್ತದೆ.

• 2015ರ ನವೆಂಬರ್‌ನಲ್ಲಿ ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು ಈ ವಿಷಯಕ್ಕೆಂದೇ ಒಂದು ಪಾಲನಾ ದಾಖಲೆ ಹೊರಡಿಸಿದರು.

• 2017ರ ಅಕ್ಟೋಬರ್‌ನಲ್ಲಿ ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯದಲ್ಲಿ ಡಿಜಿಟಲ್ ಜಗತ್ತಿನಲ್ಲಿ ಮಕ್ಕಳ ಘನತೆ ಕುರಿತು ಜಾಗತಿಕ ಸಮಾವೇಶ ನಡೆಯಿತು.

ಪರದೆಯ ಆಚೆ

ಒಪ್ಪಿ ನಟಿಸಿದ್ದಾರಲ್ಲ, ದುಡ್ಡು ತೆಗೆದುಕೊಂಡಿದ್ದಾರಲ್ಲ ಎಂಬ ವಾದ ಸದಾ ಕೇಳಿಬರುತ್ತದೆ. ಅಮೆರಿಕದ ಸ್ಯಾನ್ ಡಿಯೆಗೊ ನ್ಯಾಯಾಲಯದಲ್ಲಿ ಆ ‘ಒಪ್ಪಿಗೆ’ ಬಯಲಾಯಿತು.

ಮಾಡೆಲಿಂಗ್ ಕೆಲಸವಿದೆ ಎಂದು ಒಂದು ಅಶ್ಲೀಲ ಜಾಲತಾಣದವರು ಕೊಟ್ಟ ಜಾಹೀರಾತು ನೋಡಿ ಎಳೆಯ ಹುಡುಗಿಯರು ಆ ನಗರಕ್ಕೆ ಬಂದರು. ಚಿತ್ರೀಕರಣವೇನೆಂದು ತಿಳಿದು ಹಿಂಜರಿದಾಗ, ಇದು ಇಂಟರ್ನೆಟ್‌ಗೆ ಹೋಗುವುದಿಲ್ಲ, ದೂರದೇಶದಲ್ಲಿ ಡಿವಿಡಿಯಾಗಿ ಮಾರಾಟವಾಗುತ್ತದೆ, ನಿಮ್ಮವರಿಗೆ ಯಾರಿಗೂ ತಿಳಿಯದು ಎಂದು ನಂಬಿಸಿದರು. ವಿಡಿಯೊಗಳು ಇಂಟರ್ನೆಟ್‌ಗೇ ಹೋದವು, ಲಕ್ಷಾಂತರ ಜನ ನೋಡಿದರು. ಹುಡುಗಿಯರ ನಿಜವಾದ ಹೆಸರುಗಳೂ ಬಯಲಾದವು. ಕೆಲವರು ಕೆಲಸ ಕಳೆದುಕೊಂಡರು, ಕೆಲವರು ಮನೆಯವರಿಂದ ದೂರವಾದರು.

22 ಮಹಿಳೆಯರು ಮೊಕದ್ದಮೆ ಹೂಡಿದರು. 2020ರ ಜನವರಿಯಲ್ಲಿ ನ್ಯಾಯಾಧೀಶರು ಅವರಿಗೆ 1.2 ಕೋಟಿ ಡಾಲರ್‌ಗೂ ಹೆಚ್ಚಿನ ಪರಿಹಾರ ನೀಡುವಂತೆ ಆದೇಶಿಸಿದರು. ಜಾಲತಾಣದ ಸ್ಥಾಪಕ ದೇಶ ಬಿಟ್ಟು ಓಡಿಹೋಗಿದ್ದ. ಎಫ್‌ಬಿಐನ ಹತ್ತು ಪ್ರಮುಖ ತಲೆಮರೆಸಿಕೊಂಡವರ ಪಟ್ಟಿಗೆ ಸೇರಿದ ಅವನು 2022ರ ಡಿಸೆಂಬರ್‌ನಲ್ಲಿ ಸ್ಪೇನ್‌ನಲ್ಲಿ ಸಿಕ್ಕಿಬಿದ್ದ. 2025ರ ಸೆಪ್ಟೆಂಬರ್‌ನಲ್ಲಿ ಅವನಿಗೆ 27 ವರ್ಷ ಸೆರೆಮನೆ ಶಿಕ್ಷೆಯಾಯಿತು.

ಅವನ ವಿಡಿಯೊ ನೋಡಿದ ಲಕ್ಷಾಂತರ ಮಂದಿಗೆ ಯಾವ ಶಿಕ್ಷೆಯೂ ಆಗಲಿಲ್ಲ, ಆಗುವುದೂ ಇಲ್ಲ. ಆದರೆ ಅವರು ನೋಡಿದ್ದರಿಂದಲೇ ಅವನಿಗೆ ದುಡ್ಡು ಹುಟ್ಟಿತು. ಮುಂದಿನ ಹುಡುಗಿಗೆ ವಿಮಾನದ ಟಿಕೆಟ್ ಕೊಂಡದ್ದು ಅದೇ ದುಡ್ಡು.

2020ರ ಡಿಸೆಂಬರ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಪತ್ರಕರ್ತ ನಿಕೊಲಸ್ ಕ್ರಿಸ್ಟೋಫ್ ಪೋರ್ನ್‌ಹಬ್ ಜಾಲತಾಣದ ಬಗ್ಗೆ ಬರೆದರು. ಅಪ್ರಾಪ್ತರ ಮೇಲಿನ ದೌರ್ಜನ್ಯದ ದೃಶ್ಯಗಳು ಅಲ್ಲಿರುವುದನ್ನು ಬಯಲಿಗೆಳೆದರು. ಅದಕ್ಕೂ ಮೊದಲೇ ಆ ತಾಣದ ವಿರುದ್ಧ ನಡೆದಿದ್ದ ಸಹಿ ಚಳವಳಿಯಲ್ಲಿ ಕ್ರೈಸ್ತ ಹಿನ್ನೆಲೆಯ ಕಾರ್ಯಕರ್ತರೂ ಇದ್ದರು. ಲೇಖನ ಹೊರಬಂದ ಮೇಲೆ ವೀಸಾ ಮತ್ತು ಮಾಸ್ಟರ್‌ಕಾರ್ಡ್ ಆ ತಾಣಕ್ಕೆ ಹಣ ಪಾವತಿಯನ್ನು ನಿಲ್ಲಿಸಿದವು. ಕೆಲವೇ ದಿನಗಳಲ್ಲಿ ಕಂಪನಿ, ಯಾರು ಏರಿಸಿದ್ದೆಂದು ಖಚಿತವಿಲ್ಲದ ಸುಮಾರು ಒಂದು ಕೋಟಿ ವಿಡಿಯೊಗಳನ್ನು ತೆಗೆದುಹಾಕಿತು.

ಒಂದು ಕೋಟಿ! ಅವುಗಳಲ್ಲಿ ಎಷ್ಟು ಒಪ್ಪಿಗೆಯವು, ಎಷ್ಟು ಮೋಸದವು, ಎಷ್ಟರಲ್ಲಿ ಮಕ್ಕಳಿದ್ದರು ಎಂದು ನೋಡಿದವರಿಗೆ ತಿಳಿದಿರಲಿಲ್ಲ. ತಿಳಿಯಲು ದಾರಿಯೂ ಇರಲಿಲ್ಲ. ನೋಡುವವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಎದುರಿಗಿರುವುದು ನಟನೆಯೋ ಯಾತನೆಯೋ ಎಂದು ಗೊತ್ತಾಗದಿರುವಾಗ ನೋಡುತ್ತಲೇ ಇರುವವರು ಯಾರ ಪಕ್ಷ?

ಹಾಸನದ ಪೆನ್‌ಡ್ರೈವ್

ನಮಗೆ ಇದು ಪರದೇಶದ ಸುದ್ದಿಯಲ್ಲ. 2024ರ ಏಪ್ರಿಲ್‌ನಲ್ಲಿ ಲೋಕಸಭಾ ಚುನಾವಣೆಯ ಹೊತ್ತಿಗೆ ಹಾಸನದಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದವು. ಅವುಗಳಲ್ಲಿದ್ದ ಹೆಣ್ಣುಮಕ್ಕಳ ಮುಖಗಳನ್ನು ಮರೆಮಾಡಿರಲಿಲ್ಲ. ವಿಡಿಯೊಗಳು ಫೋನಿನಿಂದ ಫೋನಿಗೆ ದಾಟಿದವು. ಹಂಚುವುದೂ ಅಪರಾಧ ಎಂದು ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು. ಮುಂದೆ 2025ರ ಆಗಸ್ಟ್‌ನಲ್ಲಿ ಆ ವಿಡಿಯೊಗಳ ನಂಟಿದ್ದ ಒಂದು ಅತ್ಯಾಚಾರ ಪ್ರಕರಣದಲ್ಲಿ ಅಪರಾಧಿಗೆ ಜೀವಾವಧಿ ಶಿಕ್ಷೆಯಾಯಿತು.

ನ್ಯಾಯಾಲಯ ತೀರ್ಪು ಕೊಟ್ಟಿದ್ದು ದೌರ್ಜನ್ಯ ಎಸಗಿದವನ ಬಗ್ಗೆ. ‘ನಿನಗೆ ಬಂತಾ, ಕಳಿಸು’ ಎಂದು ಕೇಳಿದವರ ಬಗ್ಗೆ ಯಾರು ತೀರ್ಪು ಕೊಡಬೇಕು? ಅವರಲ್ಲಿ ಭಕ್ತರಿದ್ದರು, ಸಂಸಾರಸ್ಥರಿದ್ದರು, ಹೆಣ್ಣುಮಕ್ಕಳ ತಂದೆಯರಿದ್ದರು. ತೆರೆದು ನೋಡಿದ ಪ್ರತಿ ಬಾರಿಯೂ ಆ ಹೆಣ್ಣುಮಕ್ಕಳಿಗೆ ಮತ್ತೊಮ್ಮೆ ಅನ್ಯಾಯವಾಯಿತು. ಪರ್ವತ ಪ್ರಸಂಗದ ಮಾತಿಗೆ ಇದಕ್ಕಿಂತ ಕಣ್ಣೆದುರಿನ ವ್ಯಾಖ್ಯಾನ ಬೇಕಿಲ್ಲ.

ದೇಶದ ಸರ್ವೋಚ್ಚ ನ್ಯಾಯಾಲಯವೂ ಮಕ್ಕಳ ವಿಷಯದಲ್ಲಿ ಇದೇ ನಿಲುವಿಗೆ ಬಂದಿದೆ. 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ, ಅಂಥ ದೃಶ್ಯಗಳನ್ನು ಹಂಚುವ ಉದ್ದೇಶದಿಂದ ಇಟ್ಟುಕೊಳ್ಳುವುದೂ ಅಪರಾಧ ಎಂದು ಸಾರಿತು. ಅವುಗಳನ್ನು ಪೋರ್ನ್ ಎಂದು ಕರೆಯಬೇಡಿ, ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ ಎಂದು ಕರೆಯಿರಿ ಎಂದೂ ಸೂಚಿಸಿತು.

▌ ಕಾನೂನು ಏನನ್ನುತ್ತದೆ?

• ಐ.ಟಿ. ಕಾಯ್ದೆ 66ಇ: ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗದ ಚಿತ್ರ ತೆಗೆದರೆ, ಹರಡಿದರೆ 3 ವರ್ಷದವರೆಗೆ ಸೆರೆ.

• 67ಎ: ಲೈಂಗಿಕ ಕ್ರಿಯೆಯ ದೃಶ್ಯ ಪ್ರಕಟಿಸಿದರೆ, ರವಾನಿಸಿದರೆ ಮೊದಲ ಅಪರಾಧಕ್ಕೆ 5 ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡ.

• 67ಬಿ: ಮಕ್ಕಳ ಅಂಥ ದೃಶ್ಯಗಳನ್ನು ಹುಡುಕುವುದು, ನೋಡುವುದು, ಡೌನ್‌ಲೋಡ್ ಮಾಡುವುದು, ಹಂಚುವುದು ಎಲ್ಲವೂ ಅಪರಾಧ.

• ಭಾರತೀಯ ನ್ಯಾಯ ಸಂಹಿತೆ 77: ಹೆಣ್ಣಿನ ಖಾಸಗಿ ಕ್ಷಣವನ್ನು ಕದ್ದು ನೋಡುವುದು, ಚಿತ್ರೀಕರಿಸುವುದು, ಹಂಚುವುದು ಶಿಕ್ಷಾರ್ಹ.

• ವಯಸ್ಕರ ಚಿತ್ರವನ್ನು ಯಾರಿಗೂ ತೋರಿಸದೆ ಖಾಸಗಿಯಾಗಿ ನೋಡುವುದು ಅಶ್ಲೀಲತೆಯ ಅಪರಾಧವಾಗದು ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ಕಾನೂನು ನಿಲ್ಲುವ ಆ ಗೆರೆಯಿಂದಾಚೆಯದು ಆತ್ಮಸಾಕ್ಷಿಗೆ ಬಿಟ್ಟದ್ದು.

ನೋಡುವವರಿಗೆ ಆಗುವುದೇನು?

2014ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ವೆಲೆರಿ ವೂನ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಅಶ್ಲೀಲ ಚಿತ್ರಗಳ ಗೀಳಿನಿಂದ ಹೊರಬರಲಾಗದ 19 ಗಂಡಸರಿಗೆ ಲೈಂಗಿಕ ದೃಶ್ಯ ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಮಾದಕ ವ್ಯಸನಿಗಳು ಮಾದಕ ವಸ್ತು ಕಂಡಾಗ ಚುರುಕಾಗುವ ಭಾಗಗಳೇ ಚುರುಕಾದವು. ಇನ್ನೊಂದು ಅಂಶವೂ ಹೊರಬಿತ್ತು. ಅವರಿಗೆ ಆ ದೃಶ್ಯ ಬೇಕೆನಿಸುವುದು ಹೆಚ್ಚಾಗಿತ್ತು, ಅದರಿಂದ ಸಿಗುವ ಖುಷಿ ಅಷ್ಟು ಹೆಚ್ಚಿರಲಿಲ್ಲ. ಹಿಡಿತ ಬಿಗಿಯಾಗುತ್ತದೆ, ಸುಖ ಹಿಗ್ಗುವುದಿಲ್ಲ. ಅಲಿಪಿಯಸ್‌ನ ಅವಸ್ಥೆ ಇದೇ.

ಅಮೆರಿಕದ ಸಮಾಜಶಾಸ್ತ್ರಜ್ಞರಾದ ಸ್ಯಾಮ್ಯುಯೆಲ್ ಪೆರಿ ಮತ್ತು ಸೈರಸ್ ಶ್ಲೈಫರ್, ಮದುವೆಯಾದವರನ್ನು ಬೇರೆ ಬೇರೆ ವರ್ಷಗಳಲ್ಲಿ ಪ್ರಶ್ನಿಸಿದ ರಾಷ್ಟ್ರೀಯ ಸಮೀಕ್ಷೆಯನ್ನು ಪರಿಶೀಲಿಸಿದರು. ಮೊದಲು ನೋಡದೆ ಆಮೇಲೆ ಅಶ್ಲೀಲ ಚಿತ್ರ ನೋಡಲು ಆರಂಭಿಸಿದವರಲ್ಲಿ ವಿಚ್ಛೇದನದ ಸಂಭವ ಶೇ 6ರಿಂದ ಶೇ 11ಕ್ಕೆ ಏರಿತ್ತು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಅಂಕಿಯೊಂದೇ ಹೇಳಲಾರದು. ಮುರಿಯುತ್ತಿರುವ ಮನೆಯಲ್ಲಿ ಜನ ಪರದೆಯ ಮೊರೆಹೋಗುವುದೂ ಇದೆ. ಆದರೆ ನಿಜವಾದ ಹೆಂಡತಿ ದಣಿಯುತ್ತಾಳೆ, ಮುನಿಯುತ್ತಾಳೆ, ಬೇಡ ಎನ್ನುತ್ತಾಳೆ. ಪರದೆ ಎಂದೂ ಬೇಡ ಎನ್ನುವುದಿಲ್ಲ. ಬೇಡ ಎಂಬ ಮಾತಿಗೆ ಬೆಲೆ ಕೊಡುವುದನ್ನು ಮರೆತವನು ದಾಂಪತ್ಯಕ್ಕೆ ಹೇಗೆ ಒಗ್ಗುತ್ತಾನೆ?

2024ರ ಜನವರಿ 17ರ ಬುಧವಾರದ ಉಪನ್ಯಾಸದಲ್ಲಿ ಪೋಪ್ ಫ್ರಾನ್ಸಿಸ್ ಹೇಳಿದ್ದೂ ಇದನ್ನೇ. ಕಾಮಸುಖ ದೇವರ ಕೊಡುಗೆ, ಸಂಬಂಧವಿಲ್ಲದೆ ತೃಪ್ತಿ ಹುಡುಕುವ ಅಶ್ಲೀಲ ಚಿತ್ರ ಆ ಕೊಡುಗೆಯನ್ನೇ ಟೊಳ್ಳಾಗಿಸುತ್ತದೆ, ಗೀಳಾಗಿಯೂ ಅಂಟಿಕೊಳ್ಳಬಹುದು ಎಂದರು.

ನಾಚಿಕೆಯಲ್ಲಿ ಮದ್ದಿಲ್ಲ

ಇಲ್ಲಿ ಚರ್ಚ್ ತನ್ನ ಮನೆಯೊಳಗೂ ನೋಡಿಕೊಳ್ಳಬೇಕು. 2022ರ ಅಕ್ಟೋಬರ್‌ನಲ್ಲಿ ರೋಮಿನಲ್ಲಿ ಗುರುಗಳು ಮತ್ತು ಗುರು ಅಭ್ಯರ್ಥಿಗಳ ಮುಂದೆ ಪೋಪ್ ಫ್ರಾನ್ಸಿಸ್, ಈ ಚಟ ಗುರುಗಳಲ್ಲೂ ಕನ್ಯಾಸ್ತ್ರೀಯರಲ್ಲೂ ಇದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಚೆನ್ನೈನಲ್ಲಿ ಹುಟ್ಟಿ ಜಗತ್ತಿನಾದ್ಯಂತ ಹೆಸರಾಗಿದ್ದ ಬೋಧಕ ರವಿ ಜಕರಾಯಸ್ 2020ರಲ್ಲಿ ತೀರಿಕೊಂಡರು. ಮರುವರ್ಷ ಅವರ ಸಂಸ್ಥೆಯೇ ನೇಮಿಸಿದ ವಕೀಲರ ತನಿಖಾ ವರದಿ, ಅವರ ಫೋನುಗಳಲ್ಲಿ ಹೆಣ್ಣುಮಕ್ಕಳ ನೂರಾರು ಚಿತ್ರಗಳಿದ್ದುದನ್ನೂ ಅವರು ಎಸಗಿದ ಲೈಂಗಿಕ ದೌರ್ಜನ್ಯವನ್ನೂ ಬಯಲು ಮಾಡಿತು. ಇಂಥದ್ದನ್ನು ಮುಚ್ಚಿಟ್ಟು ಉಳಿದವರಿಗೆ ಬೋಧಿಸುವ ಹಕ್ಕು ಯಾವ ಸಭೆಗೂ ಇಲ್ಲ.

ಇನ್ನೊಂದು ಅಪಾಯ ಅತಿಯಾದ ನಾಚಿಕೆಯದು. ಅಲ್ಪಸ್ವಲ್ಪ ನೋಡಿದ ಭಕ್ತಿವಂತ ಹುಡುಗ ತಾನು ಹಾಳಾಗಿಹೋದೆ, ದೇವರು ತನ್ನನ್ನು ಕೈಬಿಟ್ಟ ಎಂದು ಕುಸಿಯುತ್ತಾನೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿ ಹಿಡಿತ ತಪ್ಪಿದ ಲೈಂಗಿಕ ವರ್ತನೆಯನ್ನು ಒಂದು ಕಾಯಿಲೆಯಾಗಿ ಸೇರಿಸಲಾಗಿದೆ. ನೈತಿಕ ಅಳುಕಿನಿಂದಷ್ಟೇ ಹುಟ್ಟುವ ಸಂಕಟವನ್ನು ಕಾಯಿಲೆಯೆಂದು ಗುರುತಿಸಬಾರದು ಎಂದೂ ಅದು ಎಚ್ಚರಿಸುತ್ತದೆ. ಪಾಪಪ್ರಜ್ಞೆ ಬೇರೆ, ರೋಗ ಬೇರೆ. ಮೊದಲನೆಯದಕ್ಕೆ ಪಾಪನಿವೇದನೆ, ಎರಡನೆಯದಕ್ಕೆ ವೈದ್ಯರು. ಕೆಲವರಿಗೆ ಎರಡೂ ಬೇಕಾಗುತ್ತವೆ.

ಪಾಪನಿವೇದನೆಯ ಸಂಸ್ಕಾರದಲ್ಲಿ ಅಪಾರ ಕರುಣೆಯಿದೆ. ಒಬ್ಬರ ಕಿವಿಗೆ ಬೀಳುವಂತೆ ಬಾಯಿಬಿಟ್ಟು ಹೇಳಿದಾಗಲೇ ಗುಟ್ಟಿನ ಬಲ ಮುರಿಯುತ್ತದೆ. ಧರ್ಮಾಧ್ಯಕ್ಷರಾದ ಮೇಲೂ ಅಗಸ್ಟೀನರು ತಮ್ಮ ಯೌವನದ ಕಾಮದ ಕಥೆಯನ್ನು ಊರಿಗೆಲ್ಲ ಕೇಳುವಂತೆ ಬರೆದರು. ಅಲಿಪಿಯಸ್ ಕೂಡ ಆ ಅಖಾಡದಿಂದ ಹೊರಬಂದು ಕೊನೆಗೆ ತನ್ನ ಊರು ತಗಾಸ್ತೆಯ ಧರ್ಮಾಧ್ಯಕ್ಷನಾದ. ಬಿದ್ದವರು ಏಳಬಲ್ಲರು ಎಂಬುದನ್ನು ಈ ಧರ್ಮ ತನ್ನ ಸಂತರ ಬದುಕಿನಿಂದಲೇ ಕಲಿಸುತ್ತದೆ.

▌ ಕೈಚಾಚಬಹುದಾದ ಕಡೆ

• 1930: ಸೈಬರ್ ಅಪರಾಧ ಸಹಾಯವಾಣಿ. ನಿಮ್ಮ ಖಾಸಗಿ ಚಿತ್ರ ಹರಿದಾಡುತ್ತಿದ್ದರೆ, ಯಾರಾದರೂ ಬೆದರಿಸುತ್ತಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲೂ ದೂರು ಕೊಡಬಹುದು.

• 1098: ಮಕ್ಕಳ ಸಹಾಯವಾಣಿ.

• 14416: ಮಾನಸಿಕ ಆರೋಗ್ಯಕ್ಕೆ ‘ಟೆಲಿ ಮನಸ್’ ಸಹಾಯವಾಣಿ.

• ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗೆ ಚಿಕಿತ್ಸೆ ನೀಡುವ ‘ಶಟ್’ ಕ್ಲಿನಿಕ್ 2014ರಿಂದ ಇದೆ.

• ವಿಡಿಯೊ ಸೋರಿಕೆಯಾದವರಿಗೆ: ಸಾಕ್ಷ್ಯ ಅಳಿಸಬೇಡಿ, ಬೆದರಿಸುವವರಿಗೆ ಹಣ ಕೊಡಬೇಡಿ. ತಪ್ಪು ನಿಮ್ಮದಲ್ಲ.

ಕಣ್ಣು ಮುಚ್ಚಿದರೆ ಮುಗಿಯಿತೇ?

ಕಣ್ಣಿಗೆ ಕಡಿವಾಣ ಹಾಕುವುದು ಮೊದಲ ಹೆಜ್ಜೆ. ಮಲಗುವ ಕೋಣೆಯಿಂದ ಫೋನನ್ನು ಹೊರಗಿಡುವುದು, ನಂಬಿಕಸ್ಥ ಗೆಳೆಯನೊಬ್ಬನಿಗೆ ಲೆಕ್ಕ ಒಪ್ಪಿಸುವುದು, ಬಂದ ವಿಡಿಯೊವನ್ನು ಮುಂದಕ್ಕೆ ಕಳಿಸದೆ ಕಳಿಸಿದವನಿಗೆ ಇದು ತಪ್ಪು ಎಂದು ಹೇಳುವುದು ಎಲ್ಲರ ಕೈಲೂ ಆಗುವ ಕೆಲಸ. ಆದರೆ ಈ ಧರ್ಮದ ಚರಿತ್ರೆ ಅಲ್ಲಿಗೇ ನಿಲ್ಲುವುದಿಲ್ಲ.

ಅಲಿಪಿಯಸ್‌ನ ಪ್ರಸಂಗ ನಡೆದು ಒಂದೆರಡು ದಶಕಗಳ ಬಳಿಕ ಪೂರ್ವದೇಶದಿಂದ ಟೆಲಿಮಾಕಸ್ ಎಂಬ ಸನ್ಯಾಸಿ ರೋಮಿಗೆ ಬಂದ ಎಂದು ಇತಿಹಾಸಕಾರ ಥಿಯೊಡೊರೆಟ್ ಬರೆಯುತ್ತಾನೆ. ಪ್ರೇಕ್ಷಕರ ಸಾಲಿನಿಂದ ಕೆಳಗಿಳಿದು, ಕಾದಾಡುತ್ತಿದ್ದವರ ನಡುವೆ ಹೋಗಿ ಅವರನ್ನು ತಡೆಯಲು ಯತ್ನಿಸಿದ. ಮೋಜು ಕೆಟ್ಟಿತೆಂದು ಕೆರಳಿದ ಜನ ಕಲ್ಲು ಹೊಡೆದು ಅವನನ್ನು ಕೊಂದರು. ಅದನ್ನು ಕೇಳಿದ ಚಕ್ರವರ್ತಿ ಹೊನೋರಿಯಸ್ ಆ ಕಾಳಗಗಳನ್ನೇ ನಿಷೇಧಿಸಿದನಂತೆ.

428ರಲ್ಲಿ ಚಕ್ರವರ್ತಿ ಎರಡನೇ ಥಿಯೊಡೋಸಿಯಸ್ ಒಂದು ಕಾನೂನು ತಂದ. ತಂದೆಯೋ ಒಡೆಯನೋ ಬಲವಂತದಿಂದ ವೇಶ್ಯಾವಾಟಿಕೆಗೆ ನೂಕಿದ ಹೆಣ್ಣುಮಕ್ಕಳು ಮತ್ತು ಗುಲಾಮರು ಧರ್ಮಾಧ್ಯಕ್ಷರ ಬಳಿಗೇ ಬಂದು ಬಿಡುಗಡೆ ಕೇಳಬಹುದು ಎಂದು ಅದು ಹೇಳಿತು. ನೊಂದವರು ಮೊರೆಯಿಡಬಹುದಾದ ಬಾಗಿಲುಗಳಲ್ಲಿ ಚರ್ಚ್ ಕೂಡ ಒಂದು ಎಂದು ಕಾನೂನೇ ಒಪ್ಪಿಕೊಂಡಿತ್ತು.

ಇಂದು ನಮ್ಮ ಧರ್ಮಕೇಂದ್ರಗಳು ಎದುರಿಸಬೇಕಾದ ಪ್ರಶ್ನೆ ಇದೇ. ವಿಡಿಯೊ ಸೋರಿಕೆಯಾದ ಹುಡುಗಿಯೊಬ್ಬಳು ಬಂದು ಬಾಗಿಲು ತಟ್ಟಿದರೆ, ನೀನೇಕೆ ಅಲ್ಲಿಗೆ ಹೋಗಿದ್ದೆ ಎಂದು ಕೇಳುತ್ತೇವೆಯೇ, ಕೂರಿಸಿ ನೀರು ಕೊಟ್ಟು 1930ಕ್ಕೆ ಫೋನು ಮಾಡುತ್ತೇವೆಯೇ? ಅವಳ ಅಮ್ಮನಿಗೆ ಯಾರು ಧೈರ್ಯ ಹೇಳುತ್ತಾರೆ? ಠಾಣೆಗೆ ಅವಳ ಜೊತೆ ಯಾರು ಹೋಗುತ್ತಾರೆ? ಮುಂದಿನ ಭಾನುವಾರ ಅವಳು ಪೂಜೆಗೆ ಬಂದಾಗ ಪಕ್ಕದ ಆಸನದಲ್ಲಿ ಯಾರು ಕೂರುತ್ತಾರೆ?

ಧರ್ಮೋಪದೇಶ ತರಗತಿಯಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ದೇಹದ ಬಗ್ಗೆ ಅಂಜಿಕೆಯಿಲ್ಲದೆ ಮಾತಾಡಬಲ್ಲ ಒಬ್ಬ ಅಕ್ಕ, ಒಬ್ಬ ಅಣ್ಣ ಬೇಕು. ಮದುವೆಗೆ ಮುಂಚಿನ ತರಬೇತಿ ಶಿಬಿರದಲ್ಲಿ ಈ ವಿಷಯಕ್ಕೆ ಒಂದು ಗಂಟೆ ಮೀಸಲಿಡಬೇಕು. ಗುರು ಅಭ್ಯರ್ಥಿಗಳ ಶಿಕ್ಷಣದಲ್ಲಿ ಇದನ್ನು ಹೆಸರಿಟ್ಟು ಕರೆಯಬೇಕು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ದೊಡ್ಡ ಹಣ ಬೇಕಿಲ್ಲ, ಬಾಯಿ ತೆರೆಯುವ ಮನಸ್ಸಿದ್ದರೆ ಸಾಕು.

ಈ ತಪಸ್ಸುಕಾಲದಲ್ಲಿ ಏನು ಬಿಡಬೇಕೆಂದು ಯೋಚಿಸುತ್ತಿರುವವರು ಈ ನೋಟವನ್ನು ಬಿಡಲಿ. ಅದರಿಂದ ಉಳಿದ ಹೊತ್ತನ್ನು, ಹಾಗೆ ನೋಡಲ್ಪಟ್ಟು ನೊಂದವರ ಪರವಾಗಿ ನಿಲ್ಲಲು ಕೊಡಲಿ. ಎರಡನೆಯದಿಲ್ಲದೆ ಮೊದಲನೆಯದು ಪೂರ್ತಿಯಾಗದು.